ಹಳೆಯ ರೇಸ್ ಕಾರಿನ ಮಾದರಿ ಕಟ್ಟುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೆಳಗಾವಿಯಿಂದಲೋ ಖಾನಾಪುರದಿಂದಲೋ ಈ ಮೇಜಿಗೆ ಬಂದು ಕೂರುವ ಎಲ್ಲರಿಗೂ ಈ ಸೂಚನೆ ಅನ್ವಯಿಸುತ್ತದೆ. ವಯಸ್ಸು, ಡಿಗ್ರಿ, ಪರಿಚಯ ಯಾವುದರ ಮೇಲೂ ವಿನಾಯಿತಿ ಇಲ್ಲ. ಇಲ್ಲಿ ಕಟ್ಟುವುದು ಊರೊಳಗಿನ ರಸ್ತೆಗಳಲ್ಲಿ, ಘಾಟಿನ ತಿರುವುಗಳಲ್ಲಿ ಓಡಿದ ಹಳೆಯ ರೇಸ್ ಕಾರುಗಳ ಮಾದರಿಗಳನ್ನು: ಸಿಸಿಲಿಯ ಟಾರ್ಗಾ ಫ್ಲೋರಿಯೊ, ಇಟಲಿಯ ಮಿಲ್ಲೆ ಮಿಲ್ಯಾ, ಫ್ರಾನ್ಸಿನ ಲೆ ಮಾನ್ ರೇಸುಗಳ ಕಾರುಗಳನ್ನು. ಆಟಿಕೆ ಬೇಕಾದವರು ಗೋಕಾಕಕ್ಕೆ ಹೋಗಿ. ಅಲ್ಲಿನವರ ಮರದ ಹಣ್ಣು, ತರಕಾರಿ ನೋಡಿ ಬಂದ ಮೇಲೆ ನಮ್ಮ ಕೆಲಸದ ಬಗ್ಗೆ ಜಂಬ ಪಡುವ ಧೈರ್ಯ ಯಾರಿಗೂ ಉಳಿಯುವುದಿಲ್ಲ.

ಕಾರು ಆರಿಸುವುದು

ಮೊದಲ ದಿನವೇ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದು ಗೋಡೆಗೆ ಅಂಟಿಸಬೇಕು: ಯಾವ ಕಾರು, ಯಾವ ರೇಸು, ಯಾವ ದಿನ, ದಿನದ ಯಾವ ಹೊತ್ತು. ಚೀಟಿ ಅಂಟಿಸದವರ ಕೈಗೆ ಉಪಕರಣ ಕೊಡುವುದಿಲ್ಲ.

‘ಮರ್ಸಿಡಿಸ್ 300 ಎಸ್‌ಎಲ್‌ಆರ್ ಮಾಡ್ತೀನ್ರಿ’ ಅಂದರೆ ಸಾಲದು. 1955ರ ಮೇ 1ರಂದು ಮಿಲ್ಲೆ ಮಿಲ್ಯಾದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸಿದ ಕಾರಿನ ನಂಬರ್ 722. ಆ ನಂಬರ್ ಅವರು ಹೊರಟ ಹೊತ್ತೇ: ಬೆಳಿಗ್ಗೆ 7 ಗಂಟೆ 22 ನಿಮಿಷ. ಬ್ರೆಶಾದಿಂದ ರೋಮ್‌ಗೆ ಹೋಗಿ ಮತ್ತೆ ಬ್ರೆಶಾಕ್ಕೆ ಬರುವ ಸುಮಾರು 1,600 ಕಿಲೋಮೀಟರ್ ದಾರಿಯನ್ನು ಅವರು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಹಿಂತಿರುಗಿದಾಗ ಸಂಜೆ ಐದೂವರೆ. ಬೆಳಗಿನ 722 ಶುಭ್ರವಾಗಿತ್ತು. ಸಂಜೆಯ 722ರ ಮೈಮೇಲೆ ಎಣ್ಣೆಯಿತ್ತು, ಬ್ರೇಕಿನ ಮಸಿಯಿತ್ತು, ಅರ್ಧ ಇಟಲಿಯ ದೂಳಿತ್ತು. ಪಾಡುವಾ ಊರಿನ ತಿರುವಿನಲ್ಲಿ ಹುಲ್ಲಿನ ಪೆಂಡಿಗಳಿಗೆ ತಾಗಿ ಮೂತಿ ತರಚಿದ ಗುರುತೂ ಇತ್ತು. ಯಾವ ಕಾರನ್ನು ಕಟ್ಟುತ್ತೀರಿ ಎಂದು ಮೊದಲೇ ತೀರ್ಮಾನಿಸಬೇಕು. ಶುಭ್ರವಾದ ಮೈಗೆ ತರಚಿದ ಮೂತಿ ಇಡುವ ಹಾಗಿಲ್ಲ.

ಮಗಳ ಹುಟ್ಟಿದ ತಾರೀಖು, ಸ್ವಂತ ಸ್ಕೂಟರಿನ ನಂಬರ್ ಇವನ್ನು ಕಾರಿನ ಮೇಲೆ ಬರೆಯಬಾರದು. ಅಂದು ಎರಡನೆಯ ಸ್ಥಾನಕ್ಕೆ ಬಂದ ಫಾಂಜಿಯೊನ ಕಾರು 658, ಅಂದರೆ 6:58ಕ್ಕೆ ಹೊರಟದ್ದು. ನಂಬರ್ ಬದಲಾದರೆ ಚಾಲಕ, ಹೊತ್ತು, ಕಾಕ್‌ಪಿಟ್ಟಿನಲ್ಲಿ ಕೂತವರು ಎಲ್ಲರೂ ಬದಲಾಗುತ್ತಾರೆ. ಫಾಂಜಿಯೊ ಒಬ್ಬನೇ ಹೋದ. ಮಾಸ್ ಪಕ್ಕದಲ್ಲಿ ಗಡ್ಡದ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ಕೂತಿದ್ದ. ದಾರಿಯ ತಿರುವು, ದಿಬ್ಬಗಳನ್ನೆಲ್ಲ ಮೊದಲೇ ಓಡಾಡಿ ಗುರುತು ಹಾಕಿಕೊಂಡ ಸುಮಾರು ಐದು ಮೀಟರ್ ಉದ್ದದ ಕಾಗದದ ಸುರುಳಿಯನ್ನು ಒಂದು ಪೆಟ್ಟಿಗೆಯೊಳಗೆ ಸುತ್ತಿಟ್ಟು, ಅದನ್ನು ತಿರುಗಿಸುತ್ತ, ಇಂಜಿನ್ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಕೈಸನ್ನೆಯಲ್ಲಿ ದಾರಿ ಹೇಳುತ್ತಿದ್ದ. ಮಾದರಿಯಲ್ಲಿ ಆ ಪೆಟ್ಟಿಗೆ ಅಕ್ಕಿಕಾಳಿನಷ್ಟೇ ಆದರೂ ಇರಲೇಬೇಕು. ಪೆಟ್ಟಿಗೆಯಿಲ್ಲದ 722 ಈ ಕಪಾಟಿಗೆ ಬರುವುದಿಲ್ಲ.

ಎರಡು ರೇಸುಗಳನ್ನು ಒಂದೇ ಕಾರಿಗೆ ಬೆರೆಸಬಾರದು. ಅದೇ ವರ್ಷ ಜೂನ್‌ನಲ್ಲಿ ಲೆ ಮಾನ್‌ಗೆ ಹೋದ ಎಸ್‌ಎಲ್‌ಆರ್‌ಗಳಿಗೆ ಚಾಲಕನ ಬೆನ್ನ ಹಿಂದೆ ಮೇಲಕ್ಕೆ ಏಳುವ ಏರ್‌ಬ್ರೇಕ್ ತಗಡು ಹಾಕಿದ್ದರು. ನೋಡಲು ಚೆಂದ, ಎಲ್ಲರಿಗೂ ಹಾಕುವ ಆಸೆ. ಮೇ ತಿಂಗಳ 722ಕ್ಕೆ ಅದು ಇರಲಿಲ್ಲ, ನೀವೂ ಹಾಕಬೇಡಿ.

ಫೋಟೊ ಆ ದಿನದ್ದೇ ಇರಬೇಕು, ಕಪ್ಪು-ಬಿಳುಪಾದರೂ ಸರಿ. ಹೊಸದಾಗಿ ತಿಕ್ಕಿ ತೊಳೆದು ಪ್ರದರ್ಶನಕ್ಕಿಟ್ಟ ಕಾರಿನ ಬಣ್ಣದ ಫೋಟೊ ನೋಡಿ ಕಟ್ಟಬಾರದು. ಅಲ್ಲಿನ ಹೊಳಪು ಈಗಿನ ಕಾಲದ್ದು.

ಅಳತೆ

ಚಕ್ರದ ನಡುವಿನಿಂದ ಚಕ್ರದ ನಡುವಿಗೆ, ಅಂದರೆ ವೀಲ್‌ಬೇಸಿನಿಂದ, ಶುರು ಮಾಡಬೇಕು. ಮೂತಿಯಿಂದ ಬಾಲದವರೆಗಿನ ಉದ್ದದಿಂದ ಶುರು ಮಾಡುವಂತಿಲ್ಲ. ಬಗ್ಗಿದ ತಗಡಿನ ತುದಿ ಎಲ್ಲಿ ಮುಗಿಯಿತು ಎನ್ನುವುದರಲ್ಲಿ ಇಬ್ಬರು ಅಳೆದರೆ ಎರಡು ಲೆಕ್ಕ ಬರುತ್ತದೆ. ಆಕ್ಸೆಲ್ ಸುಳ್ಳು ಹೇಳುವುದಿಲ್ಲ.

ಹೊಸಬರು ಬುಗಾಟಿ ಟೈಪ್ 35 ತೆಗೆದುಕೊಳ್ಳಿ. ವೀಲ್‌ಬೇಸ್ 2,400 ಮಿ.ಮೀ., 1/24ಕ್ಕೆ ಸರಿಯಾಗಿ 100. ಐದನೇ ಕ್ಲಾಸಿನ ಹುಡುಗನೂ ತಪ್ಪು ಮಾಡಲಾರ. 300 ಎಸ್‌ಎಲ್‌ಆರ್ 2,370 ಮಿ.ಮೀ.; 1/24ಕ್ಕೆ 98.75. ಆ ಮುಕ್ಕಾಲನ್ನು ‘ಅಂದಾಜು 99’ ಎಂದು ದುಂಡು ಮಾಡಬಾರದು. 1/25ರ ಕಿಟ್ಟಿನ ಚಕ್ರ ತಂದು 1/24ರ ಮೈಗೆ ಹಾಕಲೂಬಾರದು. ಅದೇ ಬುಗಾಟಿ 1/25ರಲ್ಲಿ 96 ಮಿ.ಮೀ. ಆಗುತ್ತದೆ, ಪೂರಾ 4 ಮಿ.ಮೀ. ವ್ಯತ್ಯಾಸ. 1/43 ಏಕೆ ಅಂಥ ವಿಚಿತ್ರ ಸಂಖ್ಯೆ ಎಂದು ಕೇಳುವವರಿಗೆ: ಇಂಗ್ಲೆಂಡಿನ ಆಟದ ರೈಲುಗಳಲ್ಲಿ ಒಂದು ಅಡಿಗೆ 7 ಮಿ.ಮೀ. ಲೆಕ್ಕವಿತ್ತು, ಕಾರುಗಳೂ ಅದೇ ರೈಲಿನ ಜೊತೆ ಬಂದವು. ಈ ಮೇಜಿನಲ್ಲಿ 1/43 ಕಟ್ಟುವುದಿಲ್ಲ. ಕಣ್ಣಿನ ಡಾಕ್ಟರ ಬಿಲ್ಲು ಕೊಡಲು ಯಾರೂ ತಯಾರಿಲ್ಲ.

ನಿಜವಾದ ಕಾರನ್ನು ಟೇಪು ಹಿಡಿದು ಅಳೆಯದವರಿಗೆ ಡ್ರಾಯಿಂಗ್ ಓದಲು ಬರುವುದಿಲ್ಲ. ಬೆಳಗಾವಿಯಲ್ಲಿ ಬುಗಾಟಿ ಎಲ್ಲಿಂದ ತರೋಣ ಅನ್ನಬೇಡಿ. ಗ್ಯಾರೇಜಿನ ಹಿಂದೆ, ತಗಡಿನ ಶೆಡ್ಡಿನಲ್ಲಿ ಇನ್ನೂ ಪ್ರೀಮಿಯರ್ ಪದ್ಮಿನಿಗಳಿವೆ. ಪದ್ಮಿನಿಯ ಮೂಲ ಫಿಯಟ್ 1100. ಆ 1100ರ ಮನೆತನದ ಸೆಡಾನುಗಳು 1950ರ ದಶಕದಲ್ಲಿ ಮಿಲ್ಲೆ ಮಿಲ್ಯಾದಲ್ಲಿ ಓಡಿವೆ. ವೀಲ್‌ಬೇಸ್ 2,340 ಮಿ.ಮೀ., 1/24ಕ್ಕೆ 97.5. ಒಂದು ಭಾನುವಾರ ಮಾಲೀಕರ ಮನೆಗೆ ಹೋಗಿ, ‘ಕಾಕಾ, ನಿಮ್ಮ ಗಾಡಿ ಅಳತಿ ತಗೋಬೋದ್ರಿ?’ ಎಂದು ಕೇಳಿ ಒಪ್ಪಿಗೆ ಪಡೆದೇ ಟೇಪು ಬಿಚ್ಚಬೇಕು. ಬಾನೆಟ್ಟಿನ ಮೇಲೆ ಟೇಪಿನ ಉಕ್ಕಿನ ತುದಿ ಎಳೆಯಬಾರದು. ಅವರು ಚಹಾ ಕೊಟ್ಟರೆ ಕುಡಿಯಬೇಕು, ಗಾಡಿಯ ಕಥೆ ಹೇಳಿದರೆ ಪೂರ್ತಿ ಕೇಳಬೇಕು.

ಆದರೆ ಪದ್ಮಿನಿ ಅಳೆದು ಬಂದು ಅದನ್ನೇ 1955ರ ಕಾರು ಅಂತ ಕಟ್ಟಬಾರದು. ನಮ್ಮ ಕಡೆ ಹಿರಿಯರು ‘ಡುಕ್ಕರ್ ಫಿಯಟ್’ ಎನ್ನುತ್ತಿದ್ದ ಐವತ್ತರ ದಶಕದ 1100ಕ್ಕೂ ಪದ್ಮಿನಿಗೂ ಬಹಳ ಫರಕು ಇದೆ. ಡುಕ್ಕರಿನ ಮುಂಬಾಗಿಲ ಕೀಲು ಹಿಂದಿನ ಕಂಬಕ್ಕೆ, ಪದ್ಮಿನಿಯದು ಮುಂದಿನ ಕಂಬಕ್ಕೆ. ಮುಂಭಾಗದ ಜಾಲರಿ ಬೇರೆ, ಹಿಂದಿನ ರೆಕ್ಕೆಯಂಥ ಅಂಚು ಬೇರೆ. ಇಟಲಿಯ ಸೆಡಾನಿನ ಸ್ಟಿಯರಿಂಗ್ ಎಡಕ್ಕೆ. ಇದನ್ನು ನೋಡಿ ಎಲ್ಲ ಹಳೆಯ ರೇಸ್ ಕಾರುಗಳಿಗೂ ಎಡಕ್ಕೇ ಸ್ಟಿಯರಿಂಗ್ ಹಾಕಿದವರೂ ಉಂಟು. ಬುಗಾಟಿ ಟೈಪ್ 35, ಆಲ್ಫಾ ರೋಮಿಯೋ 8ಸಿ ಎರಡಕ್ಕೂ ಸ್ಟಿಯರಿಂಗ್ ಬಲಕ್ಕೆ.

ಉದ್ಯಮಬಾಗಕ್ಕೆ ಹೋಗುವಾಗ

ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಊರು ಬೆಳಗಾವಿ. 1910ರಲ್ಲಿ ಅವರು ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು, ನಮಗೆ ಕಿರ್ಲೋಸ್ಕರ್ ರಸ್ತೆಯ ಹೆಸರು ಉಳಿಯಿತು. ಆದರೆ ಲೋಹದ ಕೆಲಸ ಊರು ಬಿಡಲಿಲ್ಲ. ಉದ್ಯಮಬಾಗ, ಮಚ್ಛೆ, ಹೊನಗಾದ ಫೌಂಡ್ರಿ, ಲೇತ್ ಅಂಗಡಿಗಳು ನಮ್ಮ ದೊಡ್ಡ ಬಲ. ಬೇರೆ ಊರಿನವರು ಅಂಚೆಯಲ್ಲಿ ತರಿಸುವ ಬಿಡಿಭಾಗವನ್ನು ನಾವು ಕಣ್ಣೆದುರೇ ಮಾಡಿಸಿಕೊಳ್ಳಬಹುದು. ಹಾಗೆಂದು ಅಲ್ಲಿಗೆ ಹೋಗುವವರು ಮರ್ಯಾದೆಯಿಂದ ಹೋಗಬೇಕು.

ಮೊಬೈಲಿನಲ್ಲಿ ಫೋಟೊ ತೋರಿಸಿ ‘ಇಂಥದ್ದು ಮಾಡಿ ಕೊಡ್ರಿ’ ಅನ್ನುವುದು ಕೂಡದು. ಪ್ರತಿ ಅಳತೆಯೂ ಮಿ.ಮೀ.ನಲ್ಲಿ ಬರೆದ ಡ್ರಾಯಿಂಗ್ ಒಯ್ಯಬೇಕು. ಅವರ ಕೆಲಸದ ಹೊತ್ತಿನಲ್ಲಿ ಹೋಗಬೇಡಿ. ಊಟದ ಬಿಡುವಿನಲ್ಲಿ, ಇಲ್ಲವೇ ಶಿಫ್ಟ್ ಮುಗಿದ ಮೇಲೆ ಹೋಗಿ. ಕೆಲಸ ಎಷ್ಟೇ ಚಿಕ್ಕದಾದರೂ ಹಣ ಕೊಡಬೇಕು. ‘ಹಾಬಿಗೆ ರೀ, ಸುಮ್ನ ಮಾಡಿ ಕೊಡ್ರಿ’ ಎಂಬ ಮಾತು ಈ ಮೇಜಿನ ಹೆಸರಿನಲ್ಲಿ ಯಾರ ಬಾಯಿಂದಲೂ ಬರಬಾರದು.

ಎರಕ ಹೊಯ್ಯಿಸುವುದಾದರೆ ಮೊದಲು ಪ್ಯಾಟರ್ನ್ ಮಾಡುವವರ ಹತ್ತಿರ ಕೂರಬೇಕು. ಅವರು ಕೇಳುವ ಮೊದಲ ಪ್ರಶ್ನೆ, ‘ಸರ, ಇದು ಮಣ್ಣಿನಿಂದ ಹೊರಗ ಹೆಂಗ ಬರ್ತೈತಿ?’ ಉತ್ತರ ಗೊತ್ತಿಲ್ಲದವರು ಡ್ರಾಯಿಂಗ್ ಮಡಚಿಕೊಂಡು ಮನೆಗೆ ಬನ್ನಿ. ಪ್ಯಾಟರ್ನಿನ ಗೋಡೆ ಸ್ವಲ್ಪ ಓರೆಯಾಗಿರಬೇಕು, ಅದೇ ಡ್ರಾಫ್ಟ್. ಅದಿಲ್ಲದಿದ್ದರೆ ಎತ್ತುವಾಗ ಮರಳು ಕಿತ್ತು ಬರುತ್ತದೆ. ಲೋಹ ಆರುವಾಗ ಕುಗ್ಗುತ್ತದೆ: ಎರಕದ ಕಬ್ಬಿಣ ಮೀಟರಿಗೆ ಸುಮಾರು 10 ಮಿ.ಮೀ., ಅಲ್ಯೂಮಿನಿಯಂ ಸುಮಾರು 13. ಪ್ಯಾಟರ್ನ್ ಅಂಗಡಿಯ ಅಳತೆಪಟ್ಟಿಯೇ ಅಷ್ಟು ಉದ್ದವಾಗಿರುತ್ತದೆ. ಆ ಪಟ್ಟಿಯಲ್ಲಿ ಅಳೆದದ್ದನ್ನು ಮನೆಯ ಪಟ್ಟಿಯಲ್ಲಿ ‘ಸರಿಪಡಿಸಬಾರದು’. 1/8ರ ಬುಗಾಟಿಗೆ 60 ಮಿ.ಮೀ. ಚಕ್ರ ಎರಕ ಹೊಯ್ದರೆ 0.8 ಮಿ.ಮೀ. ಕುಗ್ಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದವರ ಟೈರು ಚಕ್ರದ ಮೇಲೆ ಲಡಬಡ ಅನ್ನುತ್ತದೆ.

1/8ಕ್ಕಿಂತ ಚಿಕ್ಕದಕ್ಕೆ ಮರಳಿನ ಎರಕ ಬೇಡ. ಮರಳಿನ ಕಾಳಿನ ಗುರುತು ಮೈತುಂಬ ಏಳುತ್ತದೆ. ಅಲ್ಯೂಮಿನಿಯಂ ರಾಡು ತಂದು ಲೇತ್‌ನಲ್ಲಿ ಕಡೆಸಿ. ರಾಡನ್ನು ಅಂಗಡಿಯಲ್ಲಿ ಕೊಳ್ಳಿ. ನಮ್ಮೂರ ಹಿಂಡಾಲ್ಕೊದಲ್ಲಿ ಬಾಕ್ಸೈಟಿನಿಂದ ತೆಗೆಯುವುದು ಅಲ್ಯುಮಿನಾ ಪುಡಿ. ಗೇಟಿಗೆ ಹೋಗಿ ತಗಡು ಕೇಳಿ ವಾಚ್‌ಮನ್‌ಗೆ ತೊಂದರೆ ಕೊಡಬೇಡಿ.

ಮನೆಯಲ್ಲಿ, ಅಡುಗೆ ಒಲೆಯ ಮೇಲೆ ಲೋಹ ಕರಗಿಸುವುದು ನಿಷೇಧ. ಒದ್ದೆ ಅಚ್ಚಿಗೆ ಕರಗಿದ ಲೋಹ ಹೊಯ್ದರೆ ನೀರು ಒಮ್ಮೆಲೇ ಆವಿಯಾಗಿ ಲೋಹ ಮುಖಕ್ಕೆ ಸಿಡಿಯುತ್ತದೆ. ಇದರಲ್ಲಿ ಚರ್ಚೆಯಿಲ್ಲ.

ಎಸ್‌ಎಲ್‌ಆರ್‌ನ ಮೈ ಎಲೆಕ್ಟ್ರಾನ್ ಎಂಬ ಮೆಗ್ನೀಷಿಯಂ ಮಿಶ್ರಲೋಹದ್ದು. ‘ಅಸಲಿನ ಹಾಗೇ ಮಾಡೋಣ’ ಎಂದು ಮೆಗ್ನೀಷಿಯಂ ತುಂಡು ತಂದು ಅರೆಯುವವರು ಅಲ್ಲಿಂದಲೇ ಹೊರಗೆ ಹೋಗಬೇಕು. ಅದರ ಪುಡಿಗೆ ಬೆಂಕಿ ತಾಗಿದರೆ ನೀರು ಹಾಕಿದಷ್ಟೂ ಹೆಚ್ಚಾಗುತ್ತದೆ. ಅರ್ಧ ಮಿ.ಮೀ. ಅಲ್ಯೂಮಿನಿಯಂ ತಗಡು ಸಾಕು. ಮರದ ಅಚ್ಚಿನ ಮೇಲೆ ಬಡಿಯುವ ಮುಂಚೆ ಅದನ್ನು ಮೆದು ಮಾಡಿಕೊಳ್ಳಿ: ಬಟ್ಟೆ ಸೋಪಿನಿಂದ ಗೆರೆ ಎಳೆದು, ಹಿಂದಿನಿಂದ ಕಾಯಿಸಿ, ಗೆರೆ ಕಪ್ಪಾದ ಕೂಡಲೇ ನಿಲ್ಲಿಸಿ. ತಗಡು ಕೆಂಪಾಗಲಿ ಎಂದು ಕಾಯಬಾರದು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ ಒಮ್ಮೆಲೇ ಕುಸಿದು ಬೀಳುತ್ತದೆ.

ಖಾನಾಪುರದಿಂದ ಬರುವವರಿಗೆ

ಮರ ತರುವವರು ಬಿಲ್ಲಿನೊಂದಿಗೆ ತನ್ನಿ. ಸಾಮಿಲ್ಲಿನ ಕತ್ತರಿಸಿದ ತುಂಡು ನಮಗೆ ಧಾರಾಳ ಸಾಕು. ‘ಕಾಡಿನ್ಯಾಗ ಬಿದ್ದಿತ್ರಿ, ಎತ್ಕೊಂಡ್ ಬಂದೆ’ ಎಂಬ ತೇಗ, ಬೀಟೆಯ ಚೂರು ಈ ಹೊಸ್ತಿಲು ದಾಟುವಂತಿಲ್ಲ. ಭೀಮಗಡ ವನ್ಯಜೀವಿಧಾಮದ ಕಡೆಯಿಂದ ಬರುವವರಿಗೆ ಇದನ್ನು ಎರಡು ಸಲ ಹೇಳಿದಂತೆ ತಿಳಿಯಿರಿ.

ಖಾನಾಪುರದ ಮಳೆ ಬೆಳಗಾವಿಯ ಮಳೆಗಿಂತ ಹೆಚ್ಚು, ಕಣಕುಂಬಿಯದು ಅದಕ್ಕೂ ಬಹಳ ಹೆಚ್ಚು. ಅಲ್ಲಿಂದ ಮಳೆಗಾಲದಲ್ಲಿ ತಂದ ಮರವನ್ನು ಅಂದೇ ಕೆತ್ತಬಾರದು. ಕೆಲವು ವಾರ ಈ ಕೋಣೆಯಲ್ಲೇ ಇಟ್ಟು ಒಣಗಿದ ಮೇಲೆ ಗೆರೆ ಎಳೆಯಿರಿ. ಇಲ್ಲದಿದ್ದರೆ ದೀಪಾವಳಿ ಹೊತ್ತಿಗೆ ಮೂತಿ ಎಡಕ್ಕೆ ತಿರುಗಿರುತ್ತದೆ.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರಿನವರು ಪ್ಲಾಸ್ಟರ್ ಅಚ್ಚಿನ ಕೆಲಸ ಬಾರದೆಂದು ಹೇಳುವುದು ನಾಚಿಕೆ. ಅಲ್ಲಿ ಕಲಿತವರು ಪಕ್ಕದ ಮನೆಯಲ್ಲೇ ಇರಬಹುದು, ಕೇಳಿ. ಪ್ಲಾಸ್ಟರನ್ನು ನೀರಿಗೆ ಉದುರಿಸಬೇಕು, ನೀರನ್ನು ಪ್ಲಾಸ್ಟರಿಗೆ ಸುರಿಯಬಾರದು. ಕಲಸುವಾಗ ಗುಳ್ಳೆ ಏಳಿಸಬಾರದು. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಬಾರದು. ಅದು ಪೈಪಿನೊಳಗೇ ಗಟ್ಟಿಯಾಗುತ್ತದೆ.

ಚಕ್ರ

ಮಾದರಿಯ ಮಾನ ಹೋಗುವುದೂ ಉಳಿಯುವುದೂ ಚಕ್ರದಲ್ಲಿ. ಅವಸರ ಇದ್ದವರು ಈ ಭಾಗಕ್ಕೆ ಕೈ ಹಾಕಬೇಡಿ.

1924ರ ಆಗಸ್ಟ್‌ನಲ್ಲಿ ಲಿಯೊನ್ ರೇಸಿಗೆ ಇಳಿದ ಬುಗಾಟಿ ಟೈಪ್ 35ರ ಚಕ್ರ ಅಲ್ಯೂಮಿನಿಯಂ ಎರಕದ್ದು: ಎಂಟು ಚಪ್ಪಟೆ ಕಡ್ಡಿ, ಬ್ರೇಕ್ ಡ್ರಮ್ಮೂ ಅದರೊಂದಿಗೇ ಒಂದೇ ತುಂಡು. ಡ್ರಮ್ ಬೇರೆ ಮಾಡಿ ಹಿಂದೆ ಅಂಟಿಸಬಾರದು. ಮುಂದಿನ ಆಕ್ಸೆಲ್ಲಿನ ಮೇಲೆ ಸ್ಪ್ರಿಂಗ್ ಪಟ್ಟಿ ಕೂರಿಸಬಾರದು. ಬುಗಾಟಿಯಲ್ಲಿ ಆಕ್ಸೆಲ್ಲಿಗೆ ಕಿಂಡಿ ಇದೆ, ಸ್ಪ್ರಿಂಗ್ ಆ ಕಿಂಡಿಯೊಳಗಿಂದ ಹಾಯುತ್ತದೆ. 1925ರಿಂದ 1929ರವರೆಗೆ ಸತತ ಐದು ವರ್ಷ ಟಾರ್ಗಾ ಫ್ಲೋರಿಯೊ ಗೆದ್ದದ್ದು ಬುಗಾಟಿಗಳು. 1928ರಲ್ಲಿ ಚೆಕ್ ದೇಶದ ಎಲಿಶ್ಕಾ ಯುಂಕೋವಾ ಸಿಸಿಲಿಯ ಆ ಗುಡ್ಡದ ದಾರಿಯಲ್ಲಿ ಗಂಡಸರ ನಡುವೆ ಒಂದು ಹೊತ್ತು ಮುಂದಿದ್ದು ಕೊನೆಗೆ ಐದನೆಯವಳಾಗಿ ಬಂದದ್ದೂ ಬುಗಾಟಿಯಲ್ಲೇ. ಚಾಲಕರ ಗೊಂಬೆ ಇಡುವವರು ಎಲ್ಲರಿಗೂ ಮೀಸೆ ಹಚ್ಚಬೇಡಿ.

ತಂತಿ ಕಡ್ಡಿಯ ಚಕ್ರಕ್ಕೆ ಮೀನು ಹಿಡಿಯುವ ನೈಲಾನ್ ದಾರ ಬಳಸಬಾರದು, ಸೆಕೆಗೆ ಸಡಿಲಾಗುತ್ತದೆ. ಸಿತಾರದ ತೆಳು ಉಕ್ಕಿನ ತಂತಿ ತನ್ನಿ. ತಂತಿವಾದ್ಯಕ್ಕೆ ಹೆಸರಾದ ಮಿರಜ್ ನಮಗೆ ರೈಲಿನ ದಾರಿಯಲ್ಲೇ ಇದೆ. ನಿಜವಾದ ಕಡ್ಡಿ 4 ಮಿ.ಮೀ. ದಪ್ಪವಿದ್ದರೆ 1/12ಕ್ಕೆ 0.33 ಮಿ.ಮೀ. ಅದಕ್ಕಿಂತ ದಪ್ಪ ಒಪ್ಪುವುದಿಲ್ಲ. ತಾಮ್ರ ಕತ್ತರಿಸುವ ಕಟ್ಟರಿನಿಂದ ಉಕ್ಕಿನ ತಂತಿ ಕತ್ತರಿಸಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ. ಕಡ್ಡಿಗಳು ಹಬ್ಬಿನ ನಡುವಿನಿಂದ ನೇರ ಹೊರಡುವುದಿಲ್ಲ, ಅಂಚಿಗೆ ತಾಗಿ ಓರೆಯಾಗಿ ಹೊರಟು ಒಂದನ್ನೊಂದು ದಾಟುತ್ತವೆ. ಅನುಮಾನ ಬಂದರೆ ಬಾಗಿಲಲ್ಲಿ ನಿಂತ ಸೈಕಲ್ಲನ್ನು ನೋಡಿ.

ಬಣ್ಣ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೀಳುವ ದಿನ ಸ್ಪ್ರೇ ಗನ್ ಮುಟ್ಟಬಾರದು. ಲ್ಯಾಕರ್ ಒಣಗುವಾಗ ಗಾಳಿಯ ತೇವ ಹಿಡಿದು ಬಿಳಿ ಮಂಜು ಕಟ್ಟುತ್ತದೆ. ಆ ತಿಂಗಳುಗಳಲ್ಲಿ ಸೀಟು, ಡಯಲ್ಲು, ಚಕ್ರದ ಕೆಲಸ ಮಾಡಿ.

ಗ್ಯಾರೇಜಿನ ಎನ್‌ಸಿ ತಿನ್ನರನ್ನು ಪ್ಲಾಸ್ಟಿಕ್ ಕಿಟ್ಟಿಗೆ ತಾಗಿಸಬಾರದು, ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಹಾರ್ಡನರ್ ಬೆರೆಸುವ ಟು-ಕೆ ಬಣ್ಣವನ್ನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವುದು ನಿಷೇಧ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ. ಆ ಕೆಲಸವನ್ನು ಸರಿಯಾದ ಬೂತ್ ಇರುವ ಪೇಂಟರಿಗೆ ಕೊಡಿ.

ಫ್ರಾನ್ಸಿನ ಕಾರಿಗೆ ನೀಲಿ, ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಜರ್ಮನಿಗೆ ಬಿಳಿ, ಆಮೇಲೆ ಬೆಳ್ಳಿ. ಇವನ್ನು ರುಚಿಗೆ ತಕ್ಕಂತೆ ಬದಲಿಸುವಂತಿಲ್ಲ. ಎಸ್‌ಎಲ್‌ಆರ್‌ಗೆ ಕ್ರೋಮ್ ಬಣ್ಣ ಹೊಡೆದು ಕನ್ನಡಿ ಮಾಡಬೇಡಿ. ಅದು ಅಲ್ಯೂಮಿನಿಯಂ ಪುಡಿಯ ಮಂದ ಬೆಳ್ಳಿ, ನಂಬರ್ ಕೆಂಪು. ವಿಂಡ್‌ಸ್ಕ್ರೀನಿಗೆ ಸೂಪರ್ ಗ್ಲೂ ಹಾಕಬಾರದು, ಅದರ ಹೊಗೆಗೆ ಗಾಜು ಮಂಜಾಗುತ್ತದೆ. ಬಿಳಿ ಮರದಂಟು ಸಾಕು. ವಿನೈಲ್ ಟೈರನ್ನು ಬಣ್ಣ ಹಚ್ಚದ ಪ್ಲಾಸ್ಟಿಕ್ ಚಕ್ರಕ್ಕೆ ಏರಿಸಿ ವರ್ಷಗಟ್ಟಲೆ ಬಿಡಬಾರದು. ಟೈರಿನ ಎಣ್ಣೆ ಚಕ್ರವನ್ನು ಕರಗಿಸುತ್ತದೆ. 3ಡಿ ಪ್ರಿಂಟರಿನಲ್ಲಿ ತೆಗೆದ ತುಂಡನ್ನು ಕೈಗವಸು ಇಲ್ಲದೆ ಮುಟ್ಟಬೇಡಿ, ಉಜ್ಜದೆ ಬಣ್ಣ ಹೊಡೆಯಬೇಡಿ.

ದೂಳು, ಫೋಟೊ, ರಸ್ತೆ

ಜಾಂಬೋಟಿ ರಸ್ತೆಯ ಕೆಂಪು ಮಣ್ಣು ನೋಡಿ ‘ಅಸಲಿ ದೂಳು’ ಎಂದು ಹಿಡಿ ತಂದು ಎರಚಬಾರದು. 1 ಮಿ.ಮೀ. ಕಾಳು 1/24ರಲ್ಲಿ 24 ಮಿ.ಮೀ. ಜಲ್ಲಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಒಣ ಬ್ರಷ್ಷಿನಿಂದ, ಚಕ್ರದ ಹಿಂದೆ ಮಾತ್ರ ಹಚ್ಚಿ. ದೂಳು ಎಲ್ಲಿಂದ ಎದ್ದು ಎಲ್ಲಿಗೆ ಕೂರುತ್ತದೆ ಎಂದು ಖಾನಾಪುರ ಬಸ್ಸಿನ ಹಿಂಭಾಗ ನೋಡಿ ಕಲಿಯಿರಿ.

ಚೋರ್ಲಾ ಘಾಟಿನ ರಸ್ತೆಯ ಮೇಲೆ ಮಾದರಿ ಇಟ್ಟು, ಮಲಗಿ ಫೋಟೊ ತೆಗೆಯುವುದು ನಿಷೇಧ. ರಸ್ತೆ ಗೋವಾಕ್ಕೆ ಹೋಗುವವರದ್ದು. ಅಂಚಿನ ಕಲ್ಲಿನ ಮೇಲೆ ಇಡಿ, ಕ್ಯಾಮೆರಾವನ್ನು ಮಾದರಿಯ ಚಾಲಕನ ಕಣ್ಣಿನ ಎತ್ತರಕ್ಕೆ ಇಳಿಸಿ. ಮೇಲಿನಿಂದ ತೆಗೆದರೆ ಎಂಥ ಕೆಲಸವೂ ಆಟಿಕೆಯಾಗಿ ಕಾಣುತ್ತದೆ. ಮಾಸ್‌ನ ಕಥೆ ಓದಿದ ಹುರುಪಿನಲ್ಲಿ ಸ್ವಂತ ಬೈಕನ್ನು ಆ ತಿರುವುಗಳಲ್ಲಿ ಓಡಿಸುವವರಿಗೆ ಈ ಮೇಜಿನಲ್ಲಿ ಮತ್ತೆ ಜಾಗವಿಲ್ಲ.

1957ರಲ್ಲಿ ಗುಯಿದಿಝೋಲೊ ಹತ್ತಿರ ಅಲ್ಫೊನ್ಸೊ ದ ಪೊರ್ಟಾಗೊನ ಫೆರಾರಿ ಜನರ ಮೇಲೆ ಹಾರಿತು. ಅವನು, ಜೊತೆಗಾರ, ಒಂಬತ್ತು ಮಂದಿ ನೋಡುಗರು ಸತ್ತರು, ಅವರಲ್ಲಿ ಐವರು ಮಕ್ಕಳು. ಮಿಲ್ಲೆ ಮಿಲ್ಯಾ ಅಲ್ಲಿಗೆ ನಿಂತಿತು. ಆ ಕಾರನ್ನು ಹೊರಡುವ ಮುಂಜಾನೆಯ ರೂಪದಲ್ಲಿ ಕಟ್ಟಬಹುದು. ನಜ್ಜುಗುಜ್ಜಾದ ರೂಪದಲ್ಲಿ ಕಟ್ಟಿ, ಕೆಂಪು ಬಣ್ಣ ಚೆಲ್ಲಿ ‘ಸೀನ್’ ಮಾಡಬಾರದು. 1955ರ ಲೆ ಮಾನ್ ದುರಂತಕ್ಕೂ ಇದೇ ನಿಯಮ.

ಹತ್ತಿರದ ಕಾರು ಬೇಕೆನ್ನುವವರಿಗೆ ಒಂದು ಕೆಲಸ ಬಾಕಿಯಿದೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಸಿಪಾನಿ ಡಾಲ್ಫಿನ್: ಇಂಗ್ಲೆಂಡಿನ ರಿಲಯಂಟ್ ಕಿಟನ್ ಮೂಲದ, 848 ಸಿಸಿ ಇಂಜಿನ್ನಿನ, ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರು. ಮೈ ಹಗುರವಿದ್ದುದರಿಂದ ರ‍್ಯಾಲಿಯವರಿಗೆ ಅದು ಅಚ್ಚುಮೆಚ್ಚು. ಕಿಟ್ಟಿಗಾಗಿ ಕಾಯಬೇಡಿ. ನಿಂತುಹೋದ ಡಾಲ್ಫಿನ್ ಎಲ್ಲಾದರೂ ಕಂಡರೆ ಮಾಲೀಕರನ್ನು ಕೇಳಿ, ಟೇಪು ಒಯ್ದು, ಮೊದಲು ವೀಲ್‌ಬೇಸ್ ಬರೆದುಕೊಂಡು ಬನ್ನಿ.

ಕೊನೆಯ ನಾಲ್ಕು

ಮೇಜಿನ ಮೇಲೆ ಚಹಾ ಕೂಡದು. ಬೇರೆಯವರ ಮಾದರಿಯನ್ನು ಎತ್ತುವುದಾದರೆ ಕೇಳಿ, ಚಾಸಿಸ್ ಹಿಡಿದು ಎತ್ತಿ. ಕನ್ನಡಿ, ಎಕ್ಸಾಸ್ಟ್ ಹಿಡಿಯಬೇಡಿ. ಬಸ್ಸಿನಲ್ಲಿ ಒಯ್ಯುವಾಗ ಹಲಗೆಗೆ ಕೆಳಗಿನಿಂದ ಸ್ಕ್ರೂ ಬಿಗಿದು ತೊಡೆಯ ಮೇಲೆ ಇಟ್ಟುಕೊಳ್ಳಿ, ಮೇಲಿನ ಹಲಗೆಗೆ ಏರಿಸಬೇಡಿ. ಪಕ್ಕದ ಸೀಟಿನವರು ‘ಇದು ಓಡ್ತೈತೇನ್ರಿ?’ ಎಂದು ಕೇಳಿದರೆ ಇಲ್ಲ ಎಂದಷ್ಟೇ ಹೇಳಿ, ನಗುತ್ತ ಹೇಳಿ.